ಸ್ಲೇಟು ಕಲ್ಲಿನ ನೆಲವನ್ನು ಶುಚಿಯಾಗಿಟ್ಟು ಕಾಪಾಡುವ ಬಗೆ

ಸ್ಲೇಟು ಕಲ್ಲಿನ ನೆಲ ಕೊಳೆಯಿಂದ ಹಾಳಾಗುವುದಕ್ಕಿಂತ ಹೆಚ್ಚಾಗಿ ಶುಚಿಮಾಡುವ ಭರದಲ್ಲಿ ಹಾಳಾಗುತ್ತದೆ. ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುವುದು, ನೊರೆ ಏಳುವಷ್ಟು ಸೋಪು ಬೆರೆಸುವುದು, ಕಲೆ ಕಂಡೊಡನೆ ಆಸಿಡ್ಡಿನ ಬಾಟಲಿಗೆ ಕೈಹಾಕುವುದು, ಬಣ್ಣ ಗಾಢವಾಗಲೆಂದು ಎಣ್ಣೆ ತಿಕ್ಕುವುದು, ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಮಾಡುವ ಕೆಲಸಗಳು. ಆದರೆ ತಲೆಮಾರುಗಳ ಕಾಲ ಬಾಳಬಲ್ಲ ಕಲ್ಲು ಕೆಲವೇ ವರ್ಷಗಳಲ್ಲಿ ಮಂಕಾಗಿ, ಅದರ ಸಂದುಗಳು ಉದುರತೊಡಗಿ, ಕೊನೆಗೆ ಮನೆಯವರು ಅದನ್ನು ಕಿತ್ತು ಬೇರೆ ಹಾಸೋಣವೆಂದು ಯೋಚಿಸುವ ಸ್ಥಿತಿ ಬರುವುದು ಬಹುತೇಕ ಇಂಥ ಅಭ್ಯಾಸಗಳಿಂದಲೇ. ಸ್ಲೇಟಿಗೆ ಬೇಕಾದದ್ದು ಕಡಿಮೆ ನೀರು, ಸೌಮ್ಯ ದ್ರಾವಣ, ನಿಯಮಿತವಾಗಿ ದೂಳು ತೆಗೆಯುವ ಕೈ, ಮತ್ತು ನೀರು, ಕಲೆ ಒಳಗಿಳಿಯದಂತೆ ತಡೆಯಲು ಕಾಲಕಾಲಕ್ಕೆ ಸರಿಯಾಗಿ ಹಚ್ಚಿದ ಸೀಲರ್ ಎಂಬ ರಕ್ಷಕ ದ್ರವ. ಇಷ್ಟು ಮಾತ್ರ ಏಕೆ ಸಾಕು ಎಂಬುದು ಆ ಕಲ್ಲಿನ ಸ್ವಭಾವ ತಿಳಿದರೆ ಅರ್ಥವಾಗುತ್ತದೆ.

ಈ ಕಲ್ಲಿನ ಸ್ವಭಾವ

ಸ್ಲೇಟು ಮೂಲದಲ್ಲಿ ನೀರಿನ ತಳದಲ್ಲಿ ಸಂಗ್ರಹವಾದ ನುಣ್ಣನೆಯ ಜೇಡಿಮಣ್ಣು. ಕೆಲವೆಡೆ ಜ್ವಾಲಾಮುಖಿಯ ಬೂದಿ. ಆ ಮಣ್ಣು ಗಟ್ಟಿಯಾಗಿ ಶೇಲ್ ಎಂಬ ಶಿಲೆಯಾಗಿ, ಬಳಿಕ ಭೂಮಿಯೊಳಗಿನ ಒತ್ತಡ ಮತ್ತು ಕಾವಿಗೆ ಸಿಕ್ಕಿ ರೂಪಾಂತರಗೊಂಡಾಗ ಸ್ಲೇಟು ಹುಟ್ಟುತ್ತದೆ. ಒತ್ತಡ ಬೀಳುವಾಗ ಅದರೊಳಗಿನ ಅಭ್ರಕದಂಥ ಚಪ್ಪಟೆ ಹರಳುಗಳೆಲ್ಲ ಒತ್ತಡದ ದಿಕ್ಕಿಗೆ ಅಡ್ಡಲಾಗಿ, ಒಂದೇ ಮುಖವಾಗಿ ಮಲಗಿಕೊಳ್ಳುತ್ತವೆ. ಅದರಿಂದಾಗಿಯೇ ಈ ಕಲ್ಲಿಗೆ ಅಂಚಿನಲ್ಲಿ ಉಳಿ ಇಟ್ಟು ತಟ್ಟಿದರೆ ಪುಸ್ತಕದ ಹಾಳೆಗಳಂತೆ ತೆಳುವಾಗಿ ಸೀಳಿಕೊಳ್ಳುವ ಗುಣ ಬಂದಿದೆ. ಕಪ್ಪು ಮತ್ತು ಬೂದು ಬಣ್ಣಕ್ಕೆ ಅದರಲ್ಲಿರುವ ಇಂಗಾಲ ಕಾರಣ. ಹಸಿರಿಗೆ ಕ್ಲೋರೈಟ್ ಎಂಬ ಖನಿಜ, ಕೆಂಪು ಮತ್ತು ನೇರಳೆ ಛಾಯೆಗೆ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಕಾರಣ. ಕೆಲವು ಸ್ಲೇಟುಗಳಲ್ಲಿ ಪೈರೈಟ್ ಎಂಬ, ಹಿತ್ತಾಳೆಯಂತೆ ಮಿನುಗುವ ಕಬ್ಬಿಣದ ಸಲ್ಫೈಡ್ ಕಣಗಳಿರುತ್ತವೆ. ಇವು ತೇವ ಮತ್ತು ಗಾಳಿಗೆ ತುಕ್ಕು ಹಿಡಿದು ಕಂದು ಕಲೆಗಳನ್ನು ಬಿಡುತ್ತವೆ.

ನೆಲದ ಆರೈಕೆಗೆ ಇದರಿಂದ ಮೂರು ಸಂಗತಿ ತಿಳಿಯಬೇಕು. ಮೊದಲನೆಯದಾಗಿ, ಪದರಗಳಿರುವ ಕಲ್ಲಾದ್ದರಿಂದ ನೀರು ಅಂಚುಗಳಿಂದ ಮತ್ತು ಸೂಕ್ಷ್ಮ ಬಿರುಕುಗಳಿಂದ ಪದರಗಳ ನಡುವೆ ಇಳಿದರೆ ಚಕ್ಕೆ ಏಳುವ ಸಂಭವವಿರುತ್ತದೆ. ಎರಡನೆಯದಾಗಿ, ಸ್ಲೇಟು ಗ್ರಾನೈಟಿನಷ್ಟು ಗಡಸಲ್ಲ. ಸಾಮಾನ್ಯವಾಗಿ ಉಕ್ಕಿನ ಚೂರಿಯ ಮೊನೆ ಅದನ್ನು ಗೀರಬಲ್ಲದು. ಮರಳಿನ ಕಣಗಳು ಬಹುಪಾಲು ಕ್ವಾರ್ಟ್ಜ್ ಆಗಿದ್ದು, ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಆದ್ದರಿಂದ ಚಪ್ಪಲಿಗೆ ಅಂಟಿ ಬಂದ ಮರಳು ಕಾಲಡಿಗೆ ಸಿಕ್ಕಿದಾಗಲೆಲ್ಲ ಉಪ್ಪುಕಾಗದದಂತೆ ನೆಲವನ್ನು ಉಜ್ಜುತ್ತದೆ. ಕಲ್ಲು ಎಷ್ಟೇ ಕಪ್ಪಾಗಿದ್ದರೂ ಗೀರು ಮಾತ್ರ ಬೆಳ್ಳಗೆ ಕಾಣುತ್ತದೆ, ಏಕೆಂದರೆ ಪುಡಿಯಾದ ಸ್ಲೇಟಿನ ಬಣ್ಣ ತಿಳಿಯಾದದ್ದು. ಮೂರನೆಯದಾಗಿ, ಕಲ್ಲಿನಷ್ಟೇ, ಕೆಲವೊಮ್ಮೆ ಕಲ್ಲಿಗಿಂತ ಹೆಚ್ಚಾಗಿ, ಅದರ ಸಂದುಗಳಲ್ಲಿ ತುಂಬಿದ ಗ್ರೌಟಿನ ಬಗ್ಗೆ ಯೋಚಿಸಬೇಕು. ಸಿಮೆಂಟಿನ ಗ್ರೌಟು ಕೊಳೆಯನ್ನು ಬೇಗ ಹೀರುತ್ತದೆ ಮತ್ತು ಆಮ್ಲ ತಾಗಿದರೆ ಕರಗುತ್ತದೆ.

ಯಾವುದೇ ಕೆಲಸಕ್ಕೆ ಇಳಿಯುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ನೀರಿನ ಹನಿಯ ಪರೀಕ್ಷೆ. ನೆಲ ಪೂರ್ತಿ ಒಣಗಿರುವಾಗ ಜನ ಹೆಚ್ಚು ಓಡಾಡುವ ಕಡೆ, ಗೋಡೆಯ ಮೂಲೆಯಲ್ಲಿ, ಮತ್ತು ಒಂದು ಸಂದಿನ ಮೇಲೆ ತಲಾ ಅರ್ಧ ಚಮಚ ನೀರು ಬಿಟ್ಟು, ಮಂಡಿಯೂರಿ ಬೆಳಕಿಗೆ ಓರೆಯಾಗಿ ನೋಡಬೇಕು. ಹನಿ ಮಣಿಯಂತೆ ಗುಂಡಗೆ ನಿಂತಿದ್ದು, 10ರಿಂದ 15 ನಿಮಿಷಗಳ ಬಳಿಕ ಒರೆಸಿದಾಗ ಕೆಳಗಿನ ಕಲ್ಲಿನ ಬಣ್ಣ ಬದಲಾಗಿರದಿದ್ದರೆ ಸೀಲರ್ ಇನ್ನೂ ಕೆಲಸ ಮಾಡುತ್ತಿದೆ. ಹನಿ ಚಪ್ಪಟೆಯಾಗಿ ಹರಡಿ, ಒರೆಸಿದ ಜಾಗದಲ್ಲಿ ಗಾಢ ಬಣ್ಣದ ಗುರುತು ಉಳಿದರೆ ಕಲ್ಲು ನೀರು ಕುಡಿಯುತ್ತಿದೆ ಎಂದರ್ಥ. ಎರಡನೆಯದು, ಹಾಸಿರುವುದು ನಿಜವಾಗಿಯೂ ಸ್ಲೇಟೇ ಎಂಬುದರ ಪರೀಕ್ಷೆ. ಕಪ್ಪು ಸುಣ್ಣದ ಕಲ್ಲು ನೋಟಕ್ಕೆ ಸ್ಲೇಟಿನಂತೆಯೇ ಇದ್ದು, ಎಷ್ಟೋ ಸಲ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಉಳಿದಿರುವ ಒಂದು ತುಂಡನ್ನು ಗೀರಿ, ಆ ಪುಡಿಯ ಮೇಲೆ ಒಂದು ಹನಿ ವಿನೆಗರ್ ಹಾಕಿದಾಗ ಸಣ್ಣ ಗುಳ್ಳೆಗಳು ಎದ್ದರೆ ಅದು ಸುಣ್ಣದ ಕಲ್ಲು, ಇಲ್ಲವೇ ಸುಣ್ಣಾಂಶ ಬೆರೆತ ಸ್ಲೇಟು. ಅಂಥ ನೆಲದ ಹತ್ತಿರ ಆಮ್ಲದ ಸುಳಿವೂ ಇರಬಾರದು. ಈ ಪರೀಕ್ಷೆಯನ್ನು ಹಾಸಿದ ನೆಲದ ಕಣ್ಣಿಗೆ ಬೀಳುವ ಭಾಗದಲ್ಲಿ ಎಂದೂ ಮಾಡಬಾರದು.

ದಿನನಿತ್ಯದ ಆರೈಕೆ

ನಿತ್ಯದ ಕೆಲಸ ಒಣ ಕೆಲಸವೇ. ಮೃದುವಾದ ಎಳೆಗಳ ಪೊರಕೆ ಅಥವಾ ಒಣ ಮೈಕ್ರೋಫೈಬರ್ ಮಾಪ್‌ನಿಂದ ದಿನಕ್ಕೊಮ್ಮೆ, ಓಡಾಟ ಕಡಿಮೆಯಿರುವ ಕೋಣೆಗಳಲ್ಲಿ ಎರಡು ಮೂರು ದಿನಗಳಿಗೊಮ್ಮೆ, ದೂಳು ತೆಗೆದರೆ ಸಾಕು. ನಯಗೊಳಿಸಿದ ಸಮತಟ್ಟು ಸ್ಲೇಟಿಗೆ ಮಾಪ್ ಚೆನ್ನಾಗಿ ಹೊಂದುತ್ತದೆ. ಆದರೆ ಸೀಳಿದ ಮುಖವನ್ನು ಹಾಗೆಯೇ ಉಳಿಸಿರುವ ಏರುತಗ್ಗಿನ ಸ್ಲೇಟಿನಲ್ಲಿ ದೂಳು ತಗ್ಗುಗಳಲ್ಲಿ ಕುಳಿತಿರುತ್ತದೆ, ಮಾಪಿನ ಎಳೆಗಳು ಮೊನಚು ಅಂಚುಗಳಿಗೆ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಮೊದಲು ಸಂದುಗಳ ಉದ್ದಕ್ಕೆ, ಆಮೇಲೆ ಕಲ್ಲಿನ ಗೆರೆಗಳ ಉದ್ದಕ್ಕೆ ಪೊರಕೆ ಆಡಿಸಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಪೆಟ್ಟಿಗಾಗಿ ಇರುವ ತಿರುಗುವ ಬ್ರಷ್ಷನ್ನು ಮಾತ್ರ ನಿಲ್ಲಿಸಿ, ಮೃದು ಕೂದಲಿನ ಮೂತಿಯನ್ನು ಜೋಡಿಸಿಕೊಳ್ಳಬೇಕು. ಗಡಸು ಪ್ಲಾಸ್ಟಿಕ್ಕಿನ ಗಾಲಿಗಳಲ್ಲಿ ಮರಳಿನ ಕಣ ಸಿಕ್ಕಿಕೊಂಡಿದ್ದರೆ ಶುಚಿಮಾಡುವ ಯಂತ್ರವೇ ನೆಲವನ್ನು ಗೀರುತ್ತದೆ, ಆದ್ದರಿಂದ ಗಾಲಿಗಳನ್ನು ಆಗಾಗ ತಿರುಗಿಸಿ ನೋಡಬೇಕು.

ಒಳಗೆ ಬಂದ ಮರಳನ್ನು ತೆಗೆಯುವುದಕ್ಕಿಂತ ಅದು ಒಳಗೆ ಬರದಂತೆ ತಡೆಯುವುದು ಸುಲಭ. ಬಾಗಿಲ ಹೊರಗೊಂದು ಒರಟು ಕಾಲೊರೆಸು, ಒಳಗೊಂದು ಮೆತ್ತನೆಯ ಕಾಲೊರೆಸು ಇಟ್ಟರೆ ಗೀರುಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಒಳಗಿನ ಕಾಲೊರೆಸಿನ ಅಡಿಯಲ್ಲಿ ರಬ್ಬರಿನ ಪದರವಿದ್ದರೆ ಅದರ ಕೆಳಗೆ ತೇವ ನಿಂತು, ರಬ್ಬರಿನ ಬಣ್ಣ ಕಲ್ಲಿಗೆ ಹತ್ತಬಹುದು; ವಾರಕ್ಕೊಮ್ಮೆ ಎತ್ತಿ ಆ ಜಾಗಕ್ಕೆ ಗಾಳಿಯಾಡಲು ಬಿಡಬೇಕು. ಕುರ್ಚಿ, ಮೇಜುಗಳ ಕಾಲಿಗೆ ಫೆಲ್ಟಿನ ತುಂಡುಗಳನ್ನು ಅಂಟಿಸುವುದು, ಭಾರದ ಬೀರುವನ್ನು ಎಳೆಯದೆ ದಪ್ಪ ಕಂಬಳಿಯ ಮೇಲೆ ಇಟ್ಟು ಸರಿಸುವುದು, ಕಬ್ಬಿಣದ ಕಾಲಿನ ಸಾಮಾನಿಗೆ ಕೆಳಗೊಂದು ತಟ್ಟೆ ಇಡುವುದು, ಇವು ಒಮ್ಮೆ ಮಾಡಿಟ್ಟರೆ ಮತ್ತೆ ನೆನಪಿಸಿಕೊಳ್ಳಬೇಕಿಲ್ಲದ ಮುನ್ನೆಚ್ಚರಿಕೆಗಳು.

ಒದ್ದೆಯಾಗಿ ಒರೆಸುವಾಗ

ವಾರಕ್ಕೊಮ್ಮೆ ಒದ್ದೆಯಾಗಿ ಒರೆಸಿದರೆ ಸಾಮಾನ್ಯವಾಗಿ ಸಾಕು, ಅಡುಗೆಮನೆಯಲ್ಲಿ ಎರಡು ಸಲ. ದೂಳು ತೆಗೆಯದೆ ಒದ್ದೆ ಬಟ್ಟೆ ಹಾಕಬಾರದು. ಹಾಗೆ ಹಾಕಿದರೆ ದೂಳು ಕೆಸರಾಗಿ ಸಂದುಗಳಿಗೆ ಇಳಿದು ಕಪ್ಪುಗಟ್ಟುತ್ತದೆ. ದ್ರಾವಣಕ್ಕೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಅಂದರೆ ಪಿಎಚ್ ಅಳತೆಯಲ್ಲಿ 7ರ ಆಸುಪಾಸಿನ, ಕಲ್ಲಿನ ನೆಲಕ್ಕೆಂದೇ ತಯಾರಿಸಿದ ದ್ರವವನ್ನು ಬಾಟಲಿಯ ಮೇಲೆ ಹೇಳಿರುವ ಅಳತೆಯಲ್ಲೇ ಬೆರೆಸಬೇಕು. ಅದು ಇಲ್ಲದಾಗ ಪಾತ್ರೆ ತೊಳೆಯುವ ಸೌಮ್ಯ ದ್ರವವನ್ನು 5 ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಚಿಕ್ಕ ಚಮಚದಷ್ಟು ಹಾಕಿ ಬಳಸಬಹುದು. ಆದರೆ ಪಾತ್ರೆಯ ಸೋಪು ಸ್ವಲ್ಪವಾದರೂ ಜಿಡ್ಡಿನ ಪೊರೆ ಬಿಡುವುದರಿಂದ ಅದನ್ನೇ ರೂಢಿ ಮಾಡಿಕೊಳ್ಳುವುದು ಬೇಡ.

ಎರಡು ಬಕೆಟ್‌ಗಳನ್ನು ಇಟ್ಟುಕೊಳ್ಳುವುದು ಈ ಕೆಲಸದ ಮುಖ್ಯ ಗುಟ್ಟು. ಒಂದರಲ್ಲಿ ದ್ರಾವಣ, ಇನ್ನೊಂದರಲ್ಲಿ ಬರಿಯ ನೀರು. ಕೊಳೆಯಾದ ಮಾಪನ್ನು ಮೊದಲು ಬರಿಯ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲಷ್ಟೇ ದ್ರಾವಣದಲ್ಲಿ ಅದ್ದಬೇಕು. ಒಂದೇ ಬಕೆಟ್ ಇದ್ದರೆ ಮೂರನೆಯ ಅದ್ದಿನ ಹೊತ್ತಿಗೆ ನಾವು ಹರಡುತ್ತಿರುವುದು ಕೊಳೆನೀರನ್ನೇ. ಮಾಪನ್ನು ಹನಿ ತೊಟ್ಟಿಕ್ಕದಷ್ಟು ಬಿಗಿಯಾಗಿ ಹಿಂಡಬೇಕು. ಒರೆಸಿದ ಕಲ್ಲು ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಆರುವಂತಿದ್ದರೆ ಹದ ಸರಿಯಿದೆ. ತಗ್ಗುಗಳಲ್ಲಿ ನೀರು ಮಿನುಗುತ್ತಿದ್ದರೆ ಹೆಚ್ಚಾಯಿತು. ಕೋಣೆಯ ಒಳಮೂಲೆಯಿಂದ ಬಾಗಿಲ ಕಡೆಗೆ, ಒಂದು ಸಲಕ್ಕೆ ನಾಲ್ಕೈದು ಕಲ್ಲುಗಳಷ್ಟು ಜಾಗವನ್ನು ಮುಗಿಸುತ್ತಾ ಹಿಂದೆ ಸರಿಯಬೇಕು. ನಂತರ ಬರಿಯ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಸೋಪಿನ ಅಂಶ ತೆಗೆದು, ಒಣ ಟವೆಲ್ಲಿನಿಂದ ಒಮ್ಮೆ ಒರೆಸಬೇಕು. ಈ ಕೊನೆಯ ಒಣ ಒರೆತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಪ್ಪು ಸ್ಲೇಟಿನ ಮೇಲೆ ನೀರು ತಾನೇ ಆರಿದಾಗ ಉಳಿಯುವ ಬಿಳಿ ಉಂಗುರಗಳನ್ನು ಒಮ್ಮೆ ನೋಡಿದವರು ಅದನ್ನು ಮತ್ತೆ ಬಿಡಲಾರರು.

ಏನಾದರೂ ಚೆಲ್ಲಿದಾಗ ಉಜ್ಜದೆ ಒತ್ತಿ ತೆಗೆಯಬೇಕು. ಉಜ್ಜಿದರೆ ಕಲೆ ಅಗಲವಾಗುವುದಲ್ಲದೆ ಪಕ್ಕದ ಸಂದಿಗೂ ಸೇರುತ್ತದೆ. ಹೀರುವ ಬಟ್ಟೆಯನ್ನು ಮೇಲಿಟ್ಟು ಅಂಗೈಯಿಂದ ಅದುಮಿ, ಬಟ್ಟೆಯ ಹೊಸ ಭಾಗ ತಿರುಗಿಸಿ ಮತ್ತೆ ಅದುಮುತ್ತಾ ಹೋಗುವುದು ಸರಿಯಾದ ಕ್ರಮ.

ನೆಲದಿಂದ ದೂರವಿಡಬೇಕಾದವು

ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲಯುಕ್ತ ದ್ರವಗಳು, ಟೈಲ್ಸಿನ ಸಿಮೆಂಟು ಕಲೆ ತೆಗೆಯುವ ಆಸಿಡ್, ಇವು ಯಾವುವೂ ಸ್ಲೇಟಿನ ನೆಲಕ್ಕೆ ಬರಬಾರದು. ನೈಸರ್ಗಿಕ ವಸ್ತು ಎಂಬ ಕಾರಣಕ್ಕೆ ವಿನೆಗರನ್ನು ನಿರಪಾಯವೆಂದು ಭಾವಿಸುವವರು ಬಹಳ ಮಂದಿ. ಉತ್ತಮ ದರ್ಜೆಯ ಸ್ಲೇಟು ಅದನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದು ನಿಜವಾದರೂ, ಸಿಮೆಂಟಿನ ಗ್ರೌಟು ತಡೆದುಕೊಳ್ಳುವುದಿಲ್ಲ. ವಾರವಾರವೂ ಆಮ್ಲದ ನೀರು ತಾಗಿದ ಸಂದು ಮೊದಲು ಮರಳು ಮರಳಾಗಿ, ಆಮೇಲೆ ಬೆರಳಲ್ಲಿ ಗೀಚಿದರೆ ಪುಡಿ ಉದುರುವಂತಾಗುತ್ತದೆ. ಸುಣ್ಣಾಂಶವಿರುವ ಸ್ಲೇಟಾದರೆ ಮೇಲ್ಮೈಯಲ್ಲೇ ತಿಳಿ ಕಲೆಗಳು ಏಳುತ್ತವೆ, ಅವನ್ನು ತೊಳೆದು ತೆಗೆಯಲು ಬರುವುದಿಲ್ಲ.

ಬ್ಲೀಚು ಸೀಲರ್‌ನ ಬಾಳಿಕೆಯನ್ನು ಕಡಿಮೆ ಮಾಡಿ ಬಣ್ಣದ ಗ್ರೌಟನ್ನು ಪೇಲವಗೊಳಿಸುತ್ತದೆ. ಇಲ್ಲಿ ನೆಲಕ್ಕಿಂತ ಜೀವದ ಮಾತು ದೊಡ್ಡದು: ಬ್ಲೀಚನ್ನು ಆಮ್ಲದ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ದ್ರವದ ಜೊತೆ ಬೆರೆಸಿದರೆ ಕ್ಲೋರಮೈನ್ ಅನಿಲ ಹೊಮ್ಮುತ್ತದೆ, ಎರಡೂ ಶ್ವಾಸಕೋಶಕ್ಕೆ ಅಪಾಯಕಾರಿ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಒಂದು ದ್ರವ ಹಾಕಿದ ಜಾಗಕ್ಕೇ ಇನ್ನೊಂದನ್ನು ಸುರಿಯುವುದು ಕೂಡ ಬೆರೆಸಿದಂತೆಯೇ. ಉಕ್ಕಿನ ತಂತಿಯ ಬ್ರಷ್ ಮತ್ತು ಸ್ಟೀಲಿನ ಉಜ್ಜುನಾರು ಗೀರುವುದಷ್ಟೇ ಅಲ್ಲ, ಅವುಗಳಿಂದ ಮುರಿದ ಸಣ್ಣ ಎಳೆಗಳು ಕಲ್ಲಿನ ಸೀಳುಗಳಲ್ಲಿ ಉಳಿದು ಮುಂದೆ ತುಕ್ಕಿನ ಚುಕ್ಕೆಗಳಾಗುತ್ತವೆ. ಸಂದು ಉಜ್ಜಲು ನೈಲಾನ್ ಬ್ರಷ್ಷನ್ನೇ ಬಳಸಬೇಕು. ಹಬೆಯ ಯಂತ್ರವನ್ನೂ ನಾನು ಸ್ಲೇಟಿಗೆ ಶಿಫಾರಸು ಮಾಡುವುದಿಲ್ಲ. ಕಾವು ಮತ್ತು ತೇವವನ್ನು ಒಟ್ಟಿಗೆ ಪದರಗಳೊಳಗೆ ತಳ್ಳುವ ಸಾಧನವದು, ಮೇಲೆ ಪೊರೆಗಟ್ಟಿದ ಸೀಲರ್ ಇದ್ದರೆ ಅದನ್ನೂ ಎಬ್ಬಿಸುತ್ತದೆ.

ಕಲೆಗಳನ್ನು ತೆಗೆಯುವುದು

ಎಣ್ಣೆಯ ಕಲೆ ಸ್ಲೇಟಿನ ಮೇಲೆ ಗಾಢವಾದ ನೆರಳಿನಂತೆ ಕಾಣುತ್ತದೆ. ಎಷ್ಟು ಒರೆಸಿದರೂ ಅದು ಹೋಗದಿರುವುದಕ್ಕೆ ಕಾರಣ, ಕಲೆ ಇರುವುದು ಕಲ್ಲಿನ ಮೇಲಲ್ಲ, ಒಳಗೆ. ಒಳಗೆ ಇಳಿದದ್ದನ್ನು ಮೇಲಕ್ಕೆ ಹೀರಿ ತೆಗೆಯಬೇಕು, ಅದಕ್ಕೆ ಪಟ್ಟು ಹಾಕುವುದೇ ಉಪಾಯ. ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ನೀರು ಸೇರಿಸಿ, ಕೈಯಲ್ಲಿ ತೆಗೆದುಕೊಂಡರೆ ಜಾರದಷ್ಟು ಗಟ್ಟಿಯಾಗಿ ಕಲಸಬೇಕು. ಕಲೆಯ ಜಾಗವನ್ನು ಶುದ್ಧ ನೀರಿನಿಂದ ತುಸು ತೇವ ಮಾಡಿ, ಕಲೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಬರುವಂತೆ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಹರಡಬೇಕು. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಟೇಪು ಅಂಟಿಸಿ, ಸೂಜಿಯಿಂದ ನಾಲ್ಕೈದು ತೂತು ಚುಚ್ಚಿ 24 ಗಂಟೆ ಬಿಡಬೇಕು. ಆಮೇಲೆ ಹಾಳೆ ತೆಗೆದು ಪಟ್ಟು ಪೂರ್ತಿ ಒಣಗುವವರೆಗೆ ಕಾಯಬೇಕು. ಕೆಲಸ ನಡೆಯುವುದು ಈ ಒಣಗುವ ಹಂತದಲ್ಲಿಯೇ: ಮೇಲಿನಿಂದ ನೀರು ಆರಿದಂತೆಲ್ಲ ಕೆಳಗಿನ ತೇವ ಮೇಲಕ್ಕೇರುತ್ತದೆ, ಜೊತೆಗೆ ಕಲೆಯನ್ನೂ ಎಳೆದು ತರುತ್ತದೆ. ಒಣಗಿ ಬಿರುಕುಬಿಟ್ಟ ಪಟ್ಟನ್ನು ಪ್ಲಾಸ್ಟಿಕ್ ಅಲಗಿನಿಂದ ಎಬ್ಬಿಸಿದಾಗ ಅದರ ತಳಭಾಗ ಹಳದಿಗಟ್ಟಿದ್ದರೆ ಎಣ್ಣೆ ಬಂದಿದೆ ಎಂದು ತಿಳಿಯಬಹುದು. ಹಳೆಯ ಕಲೆ ಒಂದೇ ಸಲಕ್ಕೆ ಹೋಗುವುದಿಲ್ಲ, ಎರಡು ಮೂರು ಸಲ ಹಾಕುವ ತಾಳ್ಮೆ ಬೇಕು. ನೀರಿನ ಪಟ್ಟಿಗೆ ಬಗ್ಗದ ಎಣ್ಣೆಗೆ ಬಿಳಿ ಜೇಡಿಮಣ್ಣಿನ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಹಾಕುವುದುಂಟು. ಅಸಿಟೋನ್ ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಕಿಟಕಿಗಳನ್ನು ತೆರೆದು, ಒಲೆ ಮತ್ತು ದೀಪ ಆರಿಸಿ ಮಾತ್ರ ಮಾಡಬೇಕು, ಮತ್ತು ಅಲ್ಲಿನ ಸೀಲರ್ ಕೂಡ ಎದ್ದುಹೋಗಬಹುದೆಂದು ತಿಳಿದಿರಬೇಕು.

ಚಹಾ, ಕಾಫಿ, ಎಲೆ, ಹೂವುಗಳ ಕಲೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಯಲ್ಲಿ ಅದ್ದಿ ಹತ್ತು ನಿಮಿಷ ಇಟ್ಟು ತೊಳೆದರೆ ಹೆಚ್ಚಾಗಿ ಪ್ರಯೋಜನವಾಗುತ್ತದೆ. ಬೀರುವಿನ ಅಡಿಯಂಥ ಮರೆಯ ಜಾಗದಲ್ಲಿ ಮೊದಲು ಪ್ರಯತ್ನಿಸಿ ನೋಡಬೇಕು. ಪೈರೈಟ್ ಮಿನುಗುವ ಸ್ಲೇಟಿಗೆ ಇದು ಬೇಡ, ಏಕೆಂದರೆ ಪೆರಾಕ್ಸೈಡ್ ಆ ಕಣಗಳ ತುಕ್ಕನ್ನು ಚುರುಕುಗೊಳಿಸುತ್ತದೆ. ಮೇಣ ಬಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಕಟ್ಟಿ ಮೇಲಿಟ್ಟು, ಬಿರುಸಾದ ಮೇಲೆ ಪ್ಲಾಸ್ಟಿಕ್ ಅಲಗಿನಿಂದ ಎಬ್ಬಿಸಿದರಾಯಿತು. ತುಕ್ಕಿನ ಕಲೆಯಲ್ಲಿ ಎರಡು ಬಗೆ. ಕಬ್ಬಿಣದ ಡಬ್ಬಿಯಿಂದಲೋ ಕುಂಡದ ಕಟ್ಟಿನಿಂದಲೋ ಮೇಲೆ ಹತ್ತಿದ ತುಕ್ಕು ಹೊಸದಿದ್ದರೆ ಸೌಮ್ಯ ದ್ರಾವಣ ಮತ್ತು ನೈಲಾನ್ ಬ್ರಷ್ಷಿಗೆ ಸ್ವಲ್ಪಮಟ್ಟಿಗೆ ಬಗ್ಗುತ್ತದೆ. ಕಲ್ಲಿನೊಳಗಿನ ಪೈರೈಟಿನಿಂದಲೇ ಹುಟ್ಟುವ ತುಕ್ಕು ತೆಗೆದಷ್ಟೂ ಮತ್ತೆ ಬರುತ್ತದೆ. ಆ ಕಲ್ಲನ್ನು ಒಣಗಿದ ಸ್ಥಿತಿಯಲ್ಲಿ ಇಡುವುದು, ಇಲ್ಲವೇ ಬದಲಿಸುವುದು ಮಾತ್ರ ದಾರಿ. ತುಕ್ಕು ತೆಗೆಯುವ ದ್ರವಗಳು ಬಹುಪಾಲು ಆಮ್ಲಗಳೇ ಆಗಿರುವುದರಿಂದ ಆ ಕೆಲಸವನ್ನು ಕಲ್ಲಿನ ಅನುಭವವಿರುವವರಿಗೆ ಬಿಡುವುದು ಮೇಲು.

ಬಿಳಿ ಮಬ್ಬು ಕಂಡಾಗ

ಸ್ಲೇಟಿನ ನೆಲವಿರುವವರ ಅತಿ ಸಾಮಾನ್ಯ ದೂರು ಇದು, ಮತ್ತು ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದೂ ಇಲ್ಲಿಯೇ. ಬಿಳಿ ಮಬ್ಬಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಹಾನಿ ಮಾಡಬಹುದಾದ್ದರಿಂದ ಮೊದಲು ಗುರುತು ಹಿಡಿಯಬೇಕು.

ಇಡೀ ನೆಲ ಒಂದೇ ಸಮನೆ ಮಂಕಾಗಿದ್ದು, ಬರಿಗಾಲಿನ ಹೆಜ್ಜೆ ಅದರ ಮೇಲೆ ಮೂಡುತ್ತಿದ್ದರೆ ಅದು ಸೋಪಿನ ಪೊರೆ. ಬೆಚ್ಚನೆಯ ಬರಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಕಲ್ಲನ್ನು ಉಜ್ಜಿ ನೋಡಿದರೆ ಸೋಪು ಹಾಕದಿದ್ದರೂ ತೆಳು ನೊರೆ ಬರುತ್ತದೆ. ನಾಲ್ಕೈದು ಸಲ ಬರಿಯ ನೀರಿನಿಂದಲೇ ಒರೆಸಿ ಒಣಗಿಸಿದರೆ ಅದು ಹೋಗುತ್ತದೆ. ಬಿಳುಪು ಪುಡಿಯಂತೆ ಇದ್ದು, ಸಂದುಗಳ ಅಂಚಿನಲ್ಲೇ ಹೆಚ್ಚಾಗಿದ್ದು, ಒರೆಸಿದರೆ ಮಾಯವಾಗಿ ಎರಡು ದಿನಗಳ ಬಳಿಕ ಮತ್ತೆ ಕಾಣಿಸಿದರೆ ಅದು ಒಳಗಿನಿಂದ ಹೊಮ್ಮುವ ಲವಣ. ಗ್ರೌಟು ಮತ್ತು ಕೆಳಗಿನ ಸಿಮೆಂಟಿನಲ್ಲಿರುವ ಲವಣಗಳನ್ನು ನೀರು ಕರಗಿಸಿ ಮೇಲೆ ತಂದು, ತಾನು ಆವಿಯಾಗಿ ಅವನ್ನು ಬಿಟ್ಟುಹೋಗುತ್ತದೆ. ಇದನ್ನು ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಒಣ ನೈಲಾನ್ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆಯಬೇಕು. ಹೊಸ ನೆಲದಲ್ಲಿ ಇದು ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಹಳೆಯ ನೆಲದಲ್ಲಿ ಹೊಸದಾಗಿ ಶುರುವಾದರೆ ಎಲ್ಲೋ ಕೊಳವೆ ಸೋರುತ್ತಿದೆ ಅಥವಾ ನೆಲದಡಿಯಿಂದ ತೇವ ಏರುತ್ತಿದೆ, ಅದನ್ನು ಹುಡುಕದೆ ಮೇಲೆ ಸೀಲರ್ ಹಚ್ಚುವುದು ವ್ಯರ್ಥ.

ನಲ್ಲಿಯ ಕೆಳಗೆ, ಶವರಿನ ಬಳಿ ಗಟ್ಟಿಯಾಗಿ ಅಂಟಿರುವ ಬಿಳಿ ಹಕ್ಕಳೆಯು ಗಡಸು ನೀರಿನ ಸುಣ್ಣ. ಅದನ್ನು ಕರಗಿಸುವುದು ಆಮ್ಲವೇ ಆದರೂ ಇಲ್ಲಿ ಬಳಸುವಂತಿಲ್ಲ. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಮೇಲಿಟ್ಟು, ಮೆತ್ತಗಾದಷ್ಟನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ದಿನಕ್ಕಿಷ್ಟೆಂದು ತೆಗೆಯಬೇಕು. ಸ್ನಾನವಾದ ಮೇಲೆ ರಬ್ಬರ್ ವೈಪರ್‌ನಿಂದ ನೀರು ತಳ್ಳಿ, ಗಾಳಿಗೆ ಕಿಟಕಿ ತೆರೆದಿಟ್ಟರೆ ಈ ಹಕ್ಕಳೆಯೂ ಮೂಲೆಗಳ ಬೂಷ್ಟೂ ಎರಡೂ ಕಟ್ಟುವುದಿಲ್ಲ. ಕೊನೆಯದಾಗಿ, ಬಿಳುಪು ಮೇಲ್ಮೈಯ ಪೊರೆಯ ಅಡಿಯಲ್ಲಿದ್ದು, ಉಜ್ಜಿದರೂ ಕದಲದೆ, ಅಂಚಿನಲ್ಲಿ ಉಗುರು ಹಾಕಿದರೆ ತೆಳು ಹಾಳೆಯಂತೆ ಏನೋ ಎದ್ದು ಬಂದರೆ, ಅದು ಹಳೆಯ ಸೀಲರ್‌ನ ಕೆಳಗೆ ಸಿಕ್ಕಿಬಿದ್ದ ತೇವ. ಆ ಪೊರೆಯನ್ನು ಅದಕ್ಕೆಂದೇ ಇರುವ ದ್ರವದಿಂದ ಪೂರ್ತಿಯಾಗಿ ತೆಗೆದು, ಕಲ್ಲು ಒಣಗಿದ ಮೇಲೆ ಹೊಸದಾಗಿ ಹಚ್ಚುವುದಲ್ಲದೆ ಬೇರೆ ದಾರಿಯಿಲ್ಲ.

ಸೀಲರ್: ಯಾವುದು, ಯಾವಾಗ, ಹೇಗೆ

ಸೀಲರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಕೂರುವಂಥದು. ಮೇಲ್ಮೈಯಲ್ಲಿ ಏನೂ ಕಾಣುವುದಿಲ್ಲ, ಕಲ್ಲಿನ ಸ್ಪರ್ಶ ಬದಲಾಗುವುದಿಲ್ಲ, ಕೆಳಗಿನ ತೇವ ಆವಿಯಾಗಿ ಹೊರಹೋಗಲು ಎಡೆಯಿರುತ್ತದೆ. ಇದರಲ್ಲೇ ಕಲ್ಲಿನ ಬಣ್ಣವನ್ನು ಒದ್ದೆಯಾದಾಗ ಕಾಣುವಂತೆ ಗಾಢಗೊಳಿಸುವ ಬಗೆಯೂ ಇದೆ. ಇನ್ನೊಂದು ಮೇಲೆ ತೆಳು ಪೊರೆಗಟ್ಟಿ ಹೊಳಪು ಕೊಡುವಂಥದು. ಆಕ್ರಿಲಿಕ್ ಮತ್ತು ಯುರೆಥೇನ್ ಸೀಲರ್‌ಗಳು ಈ ಜಾತಿಯವು. ಮೊದಮೊದಲು ಇದು ಅಂದವಾಗಿ ಕಂಡರೂ, ಓಡಾಡುವ ದಾರಿಯಲ್ಲಿ ಸವೆದು ಪಟ್ಟೆ ಮೂಡುತ್ತದೆ, ಒದ್ದೆಯಾದರೆ ಜಾರುತ್ತದೆ, ಹಳತಾದಾಗ ಸುಲಿದು ತೆಗೆಯುವ ಶ್ರಮ ಬೀಳುತ್ತದೆ. ಮನೆಯ ನೆಲಕ್ಕೆ ಒಳಗಿಳಿಯುವ ಸೀಲರ್ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಅದರಲ್ಲೂ ವೃದ್ಧರು ಮತ್ತು ಮಕ್ಕಳು ಓಡಾಡುವ ಮನೆಯಲ್ಲಿ. ಎಷ್ಟು ವರ್ಷಕ್ಕೊಮ್ಮೆ ಹಚ್ಚಬೇಕು ಎಂಬುದನ್ನು ಕ್ಯಾಲೆಂಡರಿನಿಂದಲ್ಲ, ಮೇಲೆ ಹೇಳಿದ ನೀರಿನ ಹನಿಯಿಂದ ತಿಳಿಯಬೇಕು. ಅಡುಗೆಮನೆ ಕೇಳುವ ಹೊತ್ತಿಗೆ ಮಲಗುವ ಕೋಣೆ ಕೇಳುವುದಿಲ್ಲ.

ಹಚ್ಚುವ ಮುನ್ನ ನೆಲವನ್ನು ಚೆನ್ನಾಗಿ ಶುಚಿಮಾಡಿ, ಸಂದುಗಳನ್ನು ಉಜ್ಜಿ, ಕನಿಷ್ಠ 24ರಿಂದ 48 ಗಂಟೆ ಒಣಗಲು ಬಿಡಬೇಕು. ಈಗ ಉಳಿದ ಕೊಳೆ ಸೀಲರ್‌ನ ಅಡಿಯಲ್ಲಿ ಶಾಶ್ವತವಾಗುತ್ತದೆ, ಈಗ ಉಳಿದ ತೇವ ಮಬ್ಬಾಗುತ್ತದೆ. ಹೊಸದಾಗಿ ಹಾಸಿದ ನೆಲವಾದರೆ ಗ್ರೌಟು ಪಕ್ವವಾಗಲು ಅದರ ಚೀಲದ ಮೇಲೆ ಹೇಳಿದಷ್ಟು ದಿನ ಕಾಯಬೇಕು. ಒಂದೇ ಕಲ್ಲಿನ ಮೇಲೆ ಹಚ್ಚಿ ಮಾರನೆಯ ದಿನ ಬಣ್ಣ ಒಪ್ಪಿಗೆಯೇ ಎಂದು ನೋಡಿಕೊಂಡು, ಆಮೇಲೆ ಇಡೀ ಕೋಣೆಗೆ ಕೈಹಚ್ಚಬೇಕು. ಕಿಟಕಿಗಳನ್ನು ತೆರೆದು, ಕೈಗವಸು ಹಾಕಿಕೊಂಡು, ನೂಲು ಬಿಡದ ಬಟ್ಟೆಯಿಂದ ಅಥವಾ ಸ್ಪಂಜಿನಿಂದ ತೆಳುವಾಗಿ, ಎರಡು ಮೂರು ಕಲ್ಲುಗಳಷ್ಟು ಜಾಗಕ್ಕೆ ಹಚ್ಚಬೇಕು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 15 ನಿಮಿಷ, ಹೀರಲು ಬಿಟ್ಟು, ಮೇಲೆ ಉಳಿದದ್ದನ್ನು ಒಣ ಬಟ್ಟೆಯಿಂದ ಪೂರ್ತಿಯಾಗಿ ಒರೆಸಿ ತೆಗೆಯಬೇಕು. ಒಳಗಿಳಿಯುವ ಸೀಲರ್ ಹಚ್ಚುವವರು ತಪ್ಪುವುದು ಹೆಚ್ಚಾಗಿ ಇಲ್ಲಿ. ಒಳಗೆ ಇಳಿದದ್ದಷ್ಟೇ ಕೆಲಸ ಮಾಡುತ್ತದೆ. ಮೇಲೆ ಉಳಿದದ್ದು ಅಂಟಂಟಾಗಿ ಒಣಗಿ ಕಾಲಿಗೆ ಹತ್ತುತ್ತದೆ, ದೂಳನ್ನು ಹಿಡಿಯುತ್ತದೆ. ಸೀಳುಮುಖದ ಸ್ಲೇಟಿನಲ್ಲಿ ತಗ್ಗುಗಳಲ್ಲಿ ನಿಂತದ್ದನ್ನು ಬಟ್ಟೆಯ ಮೂಲೆಯಿಂದ ತೆಗೆಯಬೇಕು. ಕಲ್ಲು ಇನ್ನೂ ಹೀರುತ್ತಿದ್ದರೆ ಎರಡನೆಯ ಸಲ ಹಚ್ಚಿ, 24 ಗಂಟೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಅಗಸೆ ಎಣ್ಣೆಯನ್ನು ಸ್ಲೇಟಿಗೆ ತಿಕ್ಕುವ ಹಳೆಯ ಪದ್ಧತಿಯನ್ನು ಇಂದಿಗೂ ಕೆಲವರು ಹೇಳಿಕೊಡುತ್ತಾರೆ. ಅದರಿಂದ ಬಣ್ಣ ಕೂಡಲೇ ಏರುವುದು ನಿಜ. ಆದರೆ ಆ ಎಣ್ಣೆ ದಿನ ಕಳೆದಂತೆ ಹಳದಿಗಟ್ಟಿ, ಅಂಟಾಗಿ, ದೂಳು ಸೇರಿ ಕರಿ ಪದರವಾಗುತ್ತದೆ, ಮುಂದೆ ಹಚ್ಚುವ ಯಾವ ಸೀಲರನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು ಅಪಾಯವನ್ನು ಹೇಳದೆ ಇರಲಾರೆ: ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಕಾವು ಹುಟ್ಟುತ್ತದೆ, ಆದ್ದರಿಂದ ಎಣ್ಣೆಯಾದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಿದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಈಗಾಗಲೇ ಬಳಸಿದ್ದರೆ ಆ ಬಟ್ಟೆಗಳನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಚಕ್ಕೆ, ಗೀರು, ಸಡಿಲವಾದ ಕಲ್ಲು

ಹೊಸ ನೆಲದಲ್ಲಿ ಮೊದಲ ಕೆಲವು ತಿಂಗಳು ಸಣ್ಣ ಚಕ್ಕೆಗಳು ಏಳುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸೀಳುವಾಗಲೇ ಸಡಿಲವಾಗಿದ್ದ ಪದರಗಳು ಕಾಲ್ತುಳಿತಕ್ಕೆ ಬಿಡುತ್ತವೆ, ಆಮೇಲೆ ನಿಲ್ಲುತ್ತವೆ. ಎದ್ದ ಚಕ್ಕೆಯನ್ನು ಬೆರಳಿನಿಂದ ಬಿಡುವಷ್ಟು ತೆಗೆದು, ಮೊನಚಾದ ಅಂಚನ್ನು ನುಣುಪು ಉಪ್ಪುಕಾಗದದಿಂದ ಸವರಿ, ಆ ಜಾಗಕ್ಕೆ ಸೀಲರ್ ಹಚ್ಚಿದರೆ ಸಾಕು. ಚಕ್ಕೆ ವರ್ಷಗಟ್ಟಲೆ ಏಳುತ್ತಲೇ ಇದ್ದರೆ ಕಲ್ಲೇ ಮೃದುವಾದದ್ದು ಅಥವಾ ಕೆಳಗಿನಿಂದ ತೇವ ಬರುತ್ತಿದೆ. ಆಳವಾದ ಕುಳಿಗೆ ಅದೇ ಕಲ್ಲಿನ ಪುಡಿಯನ್ನು ಎಪಾಕ್ಸಿ ಎಂಬ, ಒಣಗಿ ಗಟ್ಟಿಯಾಗುವ ಅಂಟಿನಲ್ಲಿ ಕಲಸಿ ತುಂಬಬಹುದು. ಸುತ್ತಲಿನ ಮಟ್ಟಕ್ಕಿಂತ ತುಸು ಏರಿಸಿ ತುಂಬಿ, ಗಟ್ಟಿಯಾದ ಮೇಲೆ ಸವರಿದರೆ ಹೊಂದಿಕೊಳ್ಳುತ್ತದೆ. ನಯವಾದ ಸ್ಲೇಟಿನ ಮೇಲಿನ ತೆಳು ಗೀರಿಗೆ 400ರಿಂದ 600ನೇ ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಸವರಬೇಕು. ಸ್ಲೇಟಿನಲ್ಲಿ ಕ್ವಾರ್ಟ್ಜ್ ಇರುವುದರಿಂದ ಅದರ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಹಾನಿಕರ, ಸಿಲಿಕೋಸಿಸ್ ಎಂಬ ಕಾಯಿಲೆ ಬರುವುದು ಇಂಥ ದೂಳಿನಿಂದಲೇ. ಆದ್ದರಿಂದ ಕೊರೆಯುವುದು, ಸವರುವುದು ಏನಿದ್ದರೂ ಒದ್ದೆಯಾಗಿ ಮಾಡಬೇಕು, ಮೂಗು ಬಾಯಿಗೆ ಸರಿಯಾದ ಮಾಸ್ಕ್ ಇರಬೇಕು.

ವರ್ಷಕ್ಕೊಮ್ಮೆಯಾದರೂ ಒಂದು ನಾಣ್ಯ ಹಿಡಿದು ಕಲ್ಲುಗಳನ್ನು ತಟ್ಟುತ್ತಾ ಹೋಗುವುದು ಒಳ್ಳೆಯ ಅಭ್ಯಾಸ. ಗಟ್ಟಿಯಾಗಿ ಕೂತ ಕಲ್ಲು ಖಚಿತವಾದ ಚಿಕ್ಕ ಸದ್ದು ಕೊಡುತ್ತದೆ, ಕೆಳಗೆ ಟೊಳ್ಳಾಗಿದ್ದರೆ ಡಬ್ಬಿ ಬಡಿದಂತೆ ಕೇಳುತ್ತದೆ. ಟೊಳ್ಳು ಸದ್ದು ಬಂದ ಮಾತ್ರಕ್ಕೆ ಕೀಳಬೇಕಿಲ್ಲ, ಆದರೆ ಅದರ ಸುತ್ತಲಿನ ಗ್ರೌಟು ಬಿರುಕು ಬಿಟ್ಟಿದ್ದರೆ, ಕಾಲಿಟ್ಟಾಗ ಅಲುಗಾಡಿದರೆ, ತಡಮಾಡಬಾರದು. ಮೊದಲು ಸುತ್ತಲಿನ ಗ್ರೌಟನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲವಾದರೆ ಪೆಟ್ಟು ಪಕ್ಕದ ಕಲ್ಲಿಗೂ ತಗಲುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಲ್ಲಿನ ನಡುವಿನಿಂದ ಅಂಚಿನ ಕಡೆಗೆ ಉಳಿಯಿಂದ ಒಡೆದು ತುಂಡುಗಳನ್ನು ತೆಗೆದು, ಕೆಳಗಿನ ಹಳೆಯ ಗಾರೆಯನ್ನು ಹೊಸ ಕಲ್ಲಿನ ದಪ್ಪಕ್ಕೆ ಸರಿಹೋಗುವಂತೆ ಕೆರೆಯಬೇಕು. ಸ್ಲೇಟಿನ ದಪ್ಪ ಒಂದೊಂದು ಕಲ್ಲಿನಲ್ಲೂ ಬೇರೆಯಾಗಿರುವುದರಿಂದ ಅಂಟು ಹಾಕುವ ಮುನ್ನ ಒಮ್ಮೆ ಒಣದಾಗಿ ಇಟ್ಟು, ಮೇಲೆ ನೇರ ಪಟ್ಟಿ ಹಿಡಿದು ಮಟ್ಟ ನೋಡಿಕೊಳ್ಳಬೇಕು. ನೆಲ ಹಾಸುವಾಗಲೇ ಅದೇ ರಾಶಿಯಿಂದ ಕೆಲವು ಕಲ್ಲುಗಳನ್ನು ಎತ್ತಿಟ್ಟಿದ್ದವರಿಗೆ ಇಲ್ಲಿ ಬಣ್ಣ ಹೊಂದುತ್ತದೆ; ಬೇರೆ ಗಣಿಯ ಕಲ್ಲು ಎಷ್ಟೇ ಹತ್ತಿರವೆನಿಸಿದರೂ ಒದ್ದೆಯಾದಾಗ ವ್ಯತ್ಯಾಸ ತೋರಿಸುತ್ತದೆ, ಅದಕ್ಕೆಂದೇ ಕೊಳ್ಳುವಾಗ ಎರಡನ್ನೂ ನೀರಿನಲ್ಲಿ ಅದ್ದಿ ಪಕ್ಕಪಕ್ಕ ಇಟ್ಟು ನೋಡಬೇಕು. ಅಂಟು ಗಟ್ಟಿಯಾಗುವವರೆಗೆ ಯಾರೂ ಕಾಲಿಡದಂತೆ ಮೇಲೊಂದು ಸ್ಟೂಲು ಅಡ್ಡಗಟ್ಟಿ, ಆಮೇಲೆ ಸಂದು ತುಂಬಿ, ಗ್ರೌಟು ಪಕ್ವವಾದ ಬಳಿಕ ಆ ಒಂದು ಕಲ್ಲಿಗೂ ಅದರ ನಾಲ್ಕು ಸಂದುಗಳಿಗೂ ಸೀಲರ್ ಹಚ್ಚಬೇಕು.